ಕರುಳೊಳಗೆ ಕರುಳು ತೂರಿದಾಗ

ಪ್ರಶ್ನೆ: ನನ್ನ ಪತಿಗೆ 46 ವರ್ಷ. ಐದಾರು ತಿಂಗಳಿಂದ ಆಗಾಗ ಹೊಟ್ಟೆ ಹಿಂಡಿದಂತೆ ನೋವು ಬಂದು, ಒಂದೆರಡು ಗಂಟೆಯಲ್ಲಿ ತಾನಾಗಿಯೇ ಹೋಗುತ್ತಿತ್ತು. ಗ್ಯಾಸ್ ಎಂದು ಮಾತ್ರೆ ನುಂಗುತ್ತಿದ್ದರು. ಅಲ್ಟ್ರಾಸೌಂಡ್‌ನಲ್ಲಿ ಏನೂ ಕಾಣಲಿಲ್ಲ. ಈಗ ವಾಂತಿ, ಹೊಟ್ಟೆ ಉಬ್ಬರವೂ ಸೇರಿವೆ. ಸಣ್ಣ ಕರುಳೊಳಗೆ ಕರುಳು ತೂರಿಕೊಂಡಿದೆ, ಆ ಭಾಗವನ್ನು ಕತ್ತರಿಸಿ ತೆಗೆಯಬೇಕು ಎಂದು ಸಿಟಿ ಸ್ಕ್ಯಾನ್ ನೋಡಿದ ವೈದ್ಯರು ಹೇಳುತ್ತಿದ್ದಾರೆ. ತಂಗಿಯ ಮಗುವಿಗೆ ಇದೇ ಆದಾಗ ಗಾಳಿಯ ಒತ್ತಡದಿಂದಲೇ ಸರಿಪಡಿಸಿದ್ದರು. ಇವರಿಗೇಕೆ ಶಸ್ತ್ರಚಿಕಿತ್ಸೆ? ಇವರ ಹೊಟ್ಟೆಗೆ ಇದುವರೆಗೆ ಕತ್ತರಿ ಬಿದ್ದಿಲ್ಲ.

ಉತ್ತರ: ನಿಮ್ಮ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ದೊಡ್ಡವರ ಸಣ್ಣ ಕರುಳು ಕಟ್ಟಿಕೊಂಡರೆ ನಾವು ಮೊದಲು ಹುಡುಕುವುದು ಹೊಟ್ಟೆಯ ಮೇಲಿನ ಹಳೆಯ ಹೊಲಿಗೆಯ ಗುರುತನ್ನು. ಹಿಂದಿನ ಶಸ್ತ್ರಚಿಕಿತ್ಸೆಯಿಂದ ಒಳಗೆ ಮೂಡಿದ ಅಂಟುಗಳೇ ಹೆಚ್ಚಿನವರಲ್ಲಿ ಕಾರಣ. ಮೂಗಿನ ಮೂಲಕ ಕೊಳವೆ ಇಳಿಸಿ, ಡ್ರಿಪ್ ಹಾಕಿ ಕಾದರೆ ಅಂಥ ಅಡಚಣೆ ಎಷ್ಟೋ ಸಲ ತಾನೇ ಬಿಡಿಸಿಕೊಳ್ಳುತ್ತದೆ. ಹೊಲಿಗೆಯ ಗುರುತಿಲ್ಲ, ತೊಡೆಸಂದಿಯಲ್ಲಿ ಹರ್ನಿಯಾ ಇಲ್ಲ ಎಂದಾಗ ಸುಮ್ಮನೆ ಕಾಯುವುದು ನನಗೆ ಒಗ್ಗದ ಮಾತು. ಅಪರೂಪದ ಕಾರಣಗಳು ಅಡಗಿರುವುದೇ ಅಲ್ಲಿ. ತೀರಾ ತೆಳ್ಳಗಿನ ವೃದ್ಧೆಯೊಬ್ಬರು ವಾಂತಿಯ ಜೊತೆಗೆ ತೊಡೆಯ ಒಳಬದಿಯ ನೋವನ್ನೂ ಹೇಳಿಕೊಂಡರೆ, ಸೊಂಟದ ಮೂಳೆಯ ಕಿಂಡಿಯಲ್ಲಿ ಕರುಳು ಸಿಕ್ಕಿರಬಹುದು. ಹೊರಗೆ ಗಂಟು ಕಾಣುವುದೇ ಇಲ್ಲ. ಇನ್ನು ಕೆಲವರಲ್ಲಿ ಪಿತ್ತಕೋಶದ ದೊಡ್ಡ ಕಲ್ಲು ಗೋಡೆ ಕೊರೆದು ಕರುಳಿಗೆ ಇಳಿದು, ಸಣ್ಣ ಕರುಳಿನ ಕೊನೆಯ ಇಕ್ಕಟ್ಟಿನಲ್ಲಿ ಬಿರಡೆಯಂತೆ ಕೂರುತ್ತದೆ.

ನಿಮ್ಮ ಪತಿಯದು ಇಂಟಸಸೆಪ್ಶನ್. ದುರ್ಬೀನಿನ ಒಂದು ಕೊಳವೆ ಇನ್ನೊಂದರೊಳಗೆ ಜಾರಿದಂತೆ ಕರುಳು ತನ್ನೊಳಗೇ ಜಾರುತ್ತದೆ. ಈ ತೊಂದರೆಯ ಎಲ್ಲ ರೋಗಿಗಳಲ್ಲಿ ದೊಡ್ಡವರ ಪಾಲು ಸುಮಾರು 5 ಪ್ರತಿಶತ ಮಾತ್ರ. ಮಕ್ಕಳಲ್ಲಿ ಸಾಮಾನ್ಯವಾಗಿ ಗಂಭೀರ ಕಾರಣವಿರುವುದಿಲ್ಲ, ಹಿಂದಕ್ಕೆ ತಳ್ಳಿದರೆ ಕೆಲಸ ಮುಗಿಯಿತು. ದೊಡ್ಡವರಲ್ಲಿ ಬಹುಪಾಲು ಪ್ರಕರಣಗಳಲ್ಲಿ ಕರುಳನ್ನು ಎಳೆದೊಯ್ದದ್ದು ಏನೋ ಇರುತ್ತದೆ: ಕೊಬ್ಬಿನ ಗಂಟು, ಪಾಲಿಪ್ (ಕರುಳಿನ ಒಳಗೋಡೆಯಿಂದ ಮೊಳಕೆಯಂತೆ ಚಾಚುವ ಬೆಳವಣಿಗೆ), ಕೆಲವೊಮ್ಮೆ ಕ್ಯಾನ್ಸರ್. ಗಾಳಿಯಿಂದ ತಳ್ಳಿದರೆ ಕರುಳು ಬಿಡಿಸಿಕೊಂಡೀತು, ಗಂಟು ಹೋಗುವುದಿಲ್ಲ. ಅದೂ ಅಲ್ಲದೆ, ಗುದದ್ವಾರದಿಂದ ಕಳಿಸುವ ಗಾಳಿ ಸಣ್ಣ ಕರುಳಿನ ಮೇಲ್ಭಾಗದವರೆಗೆ ಮುಟ್ಟುವುದೂ ಕಷ್ಟ.

ತಿಂಗಳುಗಟ್ಟಲೆ ಪತ್ತೆಯಾಗದೇ ಉಳಿದದ್ದಕ್ಕೆ ಯಾರನ್ನೂ ದೂರಬೇಡಿ. ಕರುಳು ಜಾರುತ್ತದೆ, ಬಿಡಿಸಿಕೊಳ್ಳುತ್ತದೆ. ನೋವಿಲ್ಲದ ಹೊತ್ತಿನಲ್ಲಿ ಪರೀಕ್ಷಿಸಿದರೆ ಹೊಟ್ಟೆ ಮೆತ್ತಗೇ ಇರುತ್ತದೆ. ಕರುಳಿನಲ್ಲಿ ಗಾಳಿ ತುಂಬಿದ್ದರೆ ಅಲ್ಟ್ರಾಸೌಂಡ್‌ಗೆ ಆಚೆಯದು ಕಾಣದು. ಸಿಟಿ ಸ್ಕ್ಯಾನ್‌ನಲ್ಲಿ ಮಾತ್ರ ಬಳೆಯೊಳಗೆ ಬಳೆ ಇಟ್ಟಂತೆ ಸ್ಪಷ್ಟವಾಗಿ ಕಾಣುತ್ತದೆ. ಬೇರಾವುದಕ್ಕೋ ಮಾಡಿಸಿದ ಸ್ಕ್ಯಾನ್‌ನಲ್ಲಿ ಅಡಚಣೆಯೂ ಗಂಟೂ ಇಲ್ಲದ ಪುಟ್ಟ ಇಂಟಸಸೆಪ್ಶನ್ ಕಂಡರೆ ಕತ್ತರಿ ಹಿಡಿಯುವ ಅಗತ್ಯವಿಲ್ಲ. ಅದು ಬಂದು ಹೋಗುವ ಅತಿಥಿ. ನಿಮ್ಮ ಪತಿಯದು ಹಾಗಲ್ಲ.

ದೊಡ್ಡ ಕರುಳಿನಲ್ಲಿ ಹೀಗಾದರೆ ಕ್ಯಾನ್ಸರ್ ಸಾಧ್ಯತೆ ಹೆಚ್ಚು. ಆದ್ದರಿಂದ ಅಲ್ಲಿ ಬಿಡಿಸಲು ಹೋಗದೆ ತೂರಿಕೊಂಡ ಭಾಗವನ್ನು ಇಡಿಯಾಗಿ ತೆಗೆಯುವುದೇ ರೂಢಿ. ಸಣ್ಣ ಕರುಳಿನಲ್ಲಿ ತುಸು ಸ್ವಾತಂತ್ರ್ಯವಿದೆ: ರಕ್ತ ಸಂಚಾರ ಚೆನ್ನಾಗಿದ್ದು ಗಂಟು ನಿರುಪದ್ರವಿಯಂತೆ ಕಂಡರೆ, ಮೆಲ್ಲಗೆ ಬಿಡಿಸಿ, ಗಂಟಿರುವ ಚಿಕ್ಕ ಭಾಗವನ್ನಷ್ಟೇ ತೆಗೆದು ತುದಿಗಳನ್ನು ಜೋಡಿಸಬಹುದು. ಇದನ್ನು ನಿಮ್ಮ ವೈದ್ಯರಲ್ಲಿ ಕೇಳಿ. ಆದರೆ ಹೊಟ್ಟೆಯೊಳಗೆ ನೋಡಿದ ಮೇಲೆ ತೀರ್ಮಾನ ಅವರದೇ. ಸಣ್ಣ ಕರುಳು ಹಲವು ಮೀಟರ್ ಉದ್ದವಿದೆ, ಒಂದು ಗೇಣು ಹೋದರೆ ಜೀರ್ಣಶಕ್ತಿಗೆ ಕುಂದಿಲ್ಲ. ತಡ ಮಾಡಿದರೆ ಮಾತ್ರ ರಕ್ತ ಸಂಚಾರ ನಿಂತು ಕರುಳು ಕೊಳೆಯುತ್ತದೆ. ಬಂದು ಹೋಗುತ್ತಿದ್ದ ನೋವು ಬಿಡದೆ ಕೂತರೆ, ಜ್ವರ ಬಂದರೆ, ಆ ಗಳಿಗೆಯಲ್ಲೇ ವೈದ್ಯರನ್ನು ಕರೆಯಿರಿ.

ಇನ್ನೊಂದು ಸಣ್ಣ ಕೆಲಸ. ಅವರ ತುಟಿ ಮತ್ತು ಕೆನ್ನೆಯ ಒಳಬದಿಯಲ್ಲಿ ಎಳ್ಳು ಚೆಲ್ಲಿದಂತೆ ಕಂದು ಚುಕ್ಕೆಗಳಿವೆಯೇ ನೋಡಿ. ಇದ್ದರೆ ಅದು ಕರುಳಿನ ತುಂಬ ಪಾಲಿಪ್ ಬೆಳೆಸುವ, ಮನೆತನದಲ್ಲಿ ಹರಿದುಬರುವ ಪ್ಯೂಟ್ಜ್-ಜೇಗರ್ಸ್ ಕಾಯಿಲೆಯ ಸುಳಿವಾಗಿರಬಹುದು. ಆಗ ತೆಗೆದ ಗಂಟಿನ ಬಯಾಪ್ಸಿ (ಸೂಕ್ಷ್ಮದರ್ಶಕದ ಪರೀಕ್ಷೆ) ವರದಿ ಬಂದ ಮೇಲೆ ನಿಮ್ಮ ಮಕ್ಕಳನ್ನೂ ವೈದ್ಯರಿಗೆ ತೋರಿಸಬೇಕಾಗುತ್ತದೆ.