ಸಡಿಲ ಹಗ್ಗ: ಗಾಬರಿಯ ಹುಡುಗಿ, ಅವಳ ತಾಯಿ, ಒಂದು ಕುದುರೆ

(ಹೆಸರು, ವಯಸ್ಸು, ಮನೆಯ ವಿವರಗಳನ್ನು ಬದಲಿಸಲಾಗಿದೆ. ಬರೆಯಲು ತಾಯಿ-ಮಗಳಿಬ್ಬರೂ ಒಪ್ಪಿದ್ದಾರೆ.)

ಸಿಂಧುಗೆ 16 ವರ್ಷ, ಮೊದಲ ಪಿಯುಸಿ. ಒಂದು ಸಂಜೆ ಟ್ಯೂಷನ್ ಮುಗಿಸಿ ಕಿಕ್ಕಿರಿದ ಬಸ್ಸಿನಲ್ಲಿ ಬರುತ್ತಿದ್ದಾಗ ಇದ್ದಕ್ಕಿದ್ದಂತೆ ಎದೆ ಹೊಡೆದುಕೊಂಡಿತು, ಬೆರಳ ತುದಿ ಜುಮ್ಮೆಂದಿತು, ಕಣ್ಣು ಕತ್ತಲೆ ಬಂತು. ಸತ್ತೇ ಹೋಗುತ್ತೇನೆ ಅನ್ನಿಸಿ ಅರ್ಧದಾರಿಯಲ್ಲಿ ಇಳಿದುಬಿಟ್ಟಳು. ಇಸಿಜಿ, ಥೈರಾಯ್ಡ್, ರಕ್ತಪರೀಕ್ಷೆ ಎಲ್ಲ ಆಯಿತು, ಯಾವುದರಲ್ಲೂ ತೊಂದರೆ ಕಾಣಲಿಲ್ಲ. ಆದರೆ ಅದೇ ಅನುಭವ ಮತ್ತೆ ಮತ್ತೆ ಬಂತು. ಮೊದಲು ಬಸ್ಸು ಬಿಟ್ಟಳು, ಆಮೇಲೆ ಟ್ಯೂಷನ್, ಕೊನೆಗೆ ಕಾಲೇಜು. ಮನೋವೈದ್ಯರು ಪ್ಯಾನಿಕ್ ತೊಂದರೆ ಎಂದು ಗುರುತಿಸಿ, ಸದ್ಯಕ್ಕೆ ಮಾತ್ರೆ ಬೇಡ ಎಂದು ಆಪ್ತಸಲಹೆಗೆ ನಮ್ಮಲ್ಲಿಗೆ ಕಳಿಸಿದರು.

ಮನೆಯಲ್ಲಿ ಇನ್ನೊಂದು ಗಂಟು ಬಿದ್ದಿತ್ತು. ತಂದೆಗೆ ರಾತ್ರಿ ಪಾಳಿ, ಮಗಳ ಜವಾಬ್ದಾರಿಯೆಲ್ಲ ತಾಯಿಯದು. ಆ ತಾಯಿ ಕಾಳಜಿಯಿಂದಲೇ ದಿನವಿಡೀ ಕೇಳುತ್ತಿದ್ದರು: "ಈಗ ಹೇಗಿದ್ಯಾ ಪುಟ್ಟಿ? ಎದೆ ಡವಡವ ಅಂತಿದ್ಯಾ? ಉಸಿರು ಸರಿಯಾಗಿ ಬರ್ತಿದ್ಯಾ?" ಪ್ರತಿ ಸಲ ಕೇಳಿದಾಗಲೂ ಹುಡುಗಿಯ ಗಮನ ಎದೆಬಡಿತದ ಮೇಲೆ ಹೋಗುತ್ತಿತ್ತು. ಗಮನ ಹೋದರೆ ಬಡಿತ ಜೋರಾಗಿ ಕೇಳಿಸುತ್ತದೆ, ಕೇಳಿಸಿದರೆ ಭಯ, ಭಯವಾದರೆ ಬಡಿತ ಇನ್ನೂ ಜೋರು. ಸಿಂಧು ಉತ್ತರ ಕೊಡುವುದನ್ನೇ ನಿಲ್ಲಿಸಿ ಕೋಣೆಯ ಬಾಗಿಲು ಹಾಕಿಕೊಳ್ಳತೊಡಗಿದಳು. ಬಾಗಿಲು ಮುಚ್ಚಿದಷ್ಟೂ ತಾಯಿಯ ಪ್ರಶ್ನೆ ಹೆಚ್ಚಿತು.

ಕುದುರೆಯ ಬಳಿಗೆ ಏಕೆ

ಕಣ್ಣು ಮುಚ್ಚಿ ಉಸಿರು ಗಮನಿಸುವ ಅಭ್ಯಾಸ ಇವಳಿಗೆ ಒಗ್ಗಲಿಲ್ಲ. ಗಾಬರಿಯ ಹೊತ್ತಿನಲ್ಲಿ "ಜೋರಾಗಿ ಉಸಿರು ಎಳೆದುಕೋ" ಎಂದರೆ ಎಷ್ಟೋ ಜನರಿಗೆ ತೊಂದರೆ ಹೆಚ್ಚುತ್ತದೆ. ಆಗಲೇ ಅಗತ್ಯಕ್ಕಿಂತ ಹೆಚ್ಚು ಉಸಿರಾಡುತ್ತಿರುತ್ತಾರೆ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದಿರುತ್ತದೆ. ಬೆರಳು ಜುಮ್ಮೆನ್ನುವುದು, ತಲೆ ಹಗುರಾಗುವುದು ಅದರಿಂದಲೇ. ಇವಳಿಗೆ ಗಮನ ಹೊರಗೆ ಹೋಗುವ ಕೆಲಸ ಬೇಕಿತ್ತು. ಜೊತೆಗೆ ತಾಯಿ-ಮಗಳು ಮಾತಿಲ್ಲದೆ ಒಟ್ಟಿಗೆ ಮಾಡುವ ಕೆಲಸವೂ ಬೇಕಿತ್ತು. ಪ್ರಾಣಿ ಎಂದರೆ ಹುಡುಗಿಗೆ ಇಷ್ಟ, ಅಲರ್ಜಿ ಇರಲಿಲ್ಲ. ಹಾಗಾಗಿ ನಗರದ ಹೊರವಲಯದ ಒಂದು ಕುದುರೆ ಲಾಯದಲ್ಲಿ ವಾರಕ್ಕೊಮ್ಮೆ 45 ನಿಮಿಷದ ಭೇಟಿ ಗೊತ್ತುಮಾಡಿದೆವು.

"ಕುದುರೆ ಮೇಲೆ ಕೂರಿಸ್ತೀರಾ?" ಎಂದು ತಾಯಿ ಕೇಳಿದರು. ಇಲ್ಲ. ಇಲ್ಲಿ ಜನ ಮೂರು ಬೇರೆ ಬೇರೆ ಕೆಲಸಗಳನ್ನು ಒಂದೇ ಎಂದುಕೊಳ್ಳುತ್ತಾರೆ. ಕುದುರೆಯ ನಡಿಗೆಯ ಚಲನೆಯನ್ನು ಸೊಂಟ, ಬೆನ್ನಿನ ಚಿಕಿತ್ಸೆಗೆ ಬಳಸುವುದು ಫಿಸಿಯೋಥೆರಪಿಸ್ಟರ ಕೆಲಸ. ಅಂಗವೈಕಲ್ಯ ಇರುವವರಿಗೆ ಹೊಂದಿಸಿದ ಸವಾರಿ ಇನ್ನೊಂದು. ಪೋಲಿಯೊದಿಂದ ಮೊಣಕಾಲ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ಮೇಲೆ ಆ ಬಗೆಗೆ ಲೋಕದ ಗಮನ ಹರಿಯಿತು. ನಮ್ಮದು ಮೂರನೆಯದು: ನೆಲದ ಮೇಲೆ ನಿಂತು ಕುದುರೆಯೊಡನೆ ಮಾಡುವ ಕೆಲಸ, ಪಕ್ಕದಲ್ಲಿ ಆಪ್ತಸಲಹೆಗಾರರು, ಕುದುರೆಯ ಹೊಣೆಗೆ ತರಬೇತಾದ ಬೇರೊಬ್ಬರು. ಸಲಹೆಗಾರರೇ ಕುದುರೆಯನ್ನೂ ಹಿಡಿದರೆ ಎರಡರಲ್ಲಿ ಒಂದರ ಮೇಲೆ ಕಣ್ಣು ತಪ್ಪುತ್ತದೆ.

ಇದರಿಂದ ಎಷ್ಟು ನಿರೀಕ್ಷಿಸಬಹುದು ಎಂಬುದನ್ನೂ ಮೊದಲೇ ಹೇಳಿದೆವು. ಕೊಲಂಬಿಯಾ ವಿಶ್ವವಿದ್ಯಾಲಯದವರು ಯುದ್ಧದ ಆಘಾತ ಹೊತ್ತ 63 ಮಾಜಿ ಸೈನಿಕರಿಗೆ ಕುದುರೆಗಳೊಡನೆ 8 ವಾರದ ಕಾರ್ಯಕ್ರಮ ನಡೆಸಿ 2021ರಲ್ಲಿ ಒಳ್ಳೆಯ ಫಲ ವರದಿ ಮಾಡಿದರು. ಆದರೆ ಅದರಲ್ಲಿ ಹೋಲಿಕೆಗೆ ಇನ್ನೊಂದು ಗುಂಪು ಇರಲಿಲ್ಲ. ಆದ್ದರಿಂದ ಇದನ್ನು ಚಿಕಿತ್ಸೆಯ ಜೊತೆ ಇಡಬೇಕು, ಚಿಕಿತ್ಸೆ ತೆಗೆದು ಆ ಜಾಗದಲ್ಲಿ ಇಡಬಾರದು. ಬಸ್ಸಿನ ಭಯಕ್ಕೆ ಹಂತಹಂತವಾಗಿ ಬಸ್ಸು ಹತ್ತುವ ಅಭ್ಯಾಸ ಪ್ರತ್ಯೇಕವಾಗಿ ನಡೆಯಿತು.

ಮೊದಲ ಭೇಟಿಗೆ ಮುಂಚೆ

ಧನುರ್ವಾಯುವಿನ ಚುಚ್ಚುಮದ್ದು 10 ವರ್ಷದೊಳಗೆ ಆಗಿದೆಯೇ ನೋಡಿದೆವು. ಲಾಯದ ಮಣ್ಣು, ಲದ್ದಿಯಲ್ಲಿ ಆ ರೋಗಾಣು ಇರುತ್ತದೆ, ಸಣ್ಣ ತರಚು ಗಾಯ ಸಾಕು. ಕುದುರೆಗೆ ಗ್ಲಾಂಡರ್ಸ್ ಇಲ್ಲವೆಂಬ ರಕ್ತಪರೀಕ್ಷೆಯ ವರದಿ ಕೇಳಿ ಪಡೆದೆವು. ಅದು ಮನುಷ್ಯರಿಗೂ ಹರಡುವ ರೋಗ, ವರದಿ ಕೇಳುವುದಕ್ಕೆ ಯಾರೂ ಸಂಕೋಚಪಡಬೇಕಿಲ್ಲ. ಕಾಲು ಮುಚ್ಚುವ ಗಟ್ಟಿ ಶೂ, ಕಟ್ಟಿದ ಕೂದಲು. ವೇಲು, ಬಳೆ, ನೇತಾಡುವ ಓಲೆ ಬೇಡ. ತಾಯಿ ಮುಡಿದು ಬಂದಿದ್ದ ಮಲ್ಲಿಗೆಯ ಕಡೆಗೆ ಕುದುರೆ ಮೂತಿ ಚಾಚಿದ ಮೇಲೆ ಹೂವೂ ಬ್ಯಾಗಿನೊಳಗೆ ಹೋಯಿತು.

ಕುದುರೆಯ ಹೆಸರು ಗೌರಿ ಎಂದಿಟ್ಟುಕೊಳ್ಳೋಣ. ಕಾಠೇವಾಡಿ ಮಿಶ್ರತಳಿಯ ಹೆಣ್ಣುಕುದುರೆ, ನಡುವಯಸ್ಸು ದಾಟಿದ್ದು, ಸದ್ದುಗದ್ದಲಕ್ಕೆ ಬೆದರದ್ದು.

ಹತ್ತಿರ ಹೋಗುವುದು

ಮೊದಲ ಭೇಟಿಯಲ್ಲಿ ಮುಟ್ಟಿಸಲೇ ಇಲ್ಲ. ಬೇಲಿಯ ಹೊರಗೆ ನಿಂತು ಕಿವಿ ನೋಡುವುದಷ್ಟೇ ಕೆಲಸ. ಕುದುರೆಯ ಎರಡು ಕಿವಿಗಳೂ ಬೇರೆ ಬೇರೆ ದಿಕ್ಕಿಗೆ ತಿರುಗುತ್ತವೆ, ಕಿವಿ ಎತ್ತಲೋ ಗಮನವೂ ಅತ್ತ. ಸಡಿಲವಾಗಿ ಪಕ್ಕಕ್ಕೆ ಬಿದ್ದಿದ್ದರೆ ನೆಮ್ಮದಿ, ಹಿಂದಕ್ಕೆ ಚಪ್ಪಟೆಯಾಗಿ ಒತ್ತಿದ್ದರೆ "ಹತ್ತಿರ ಬರಬೇಡ". ಹತ್ತು ನಿಮಿಷ ಸಿಂಧು ಗೌರಿಯ ಕಿವಿ ಓದಿದಳು. ಅಷ್ಟು ಹೊತ್ತು ತನ್ನ ಎದೆ ನೆನಪಾಗಲಿಲ್ಲ ಎಂದು ಅವಳೇ ಹೇಳಿದಳು.

ಎರಡನೆಯದರಲ್ಲಿ ಹತ್ತಿರ ಹೋಗುವ ಕ್ರಮ. ಕುದುರೆಗೆ ಸುತ್ತಲೂ ಹೆಚ್ಚುಕಡಿಮೆ 350 ಡಿಗ್ರಿ ಕಾಣುತ್ತದೆ. ಕಾಣದ್ದು ಹಣೆಯ ನೇರ ಮುಂದಿನ ತುಸು ಜಾಗ ಮತ್ತು ಬಾಲದ ನೇರ ಹಿಂದೆ. ಹಾಗಾಗಿ ಓರೆಯಾಗಿ, ಎಡಭುಜದ ಕಡೆಗೆ, ಮೆಲ್ಲಗೆ ಮಾತಾಡುತ್ತಾ ಹೋಗಬೇಕು. ಮೂರು ಹೆಜ್ಜೆ ದೂರದಲ್ಲಿ ನಿಂತು ಮುಂಗೈಯ ಹಿಂಬದಿ ಚಾಚಬೇಕು. ಮೂತಿ ಇತ್ತ ಬಂದರೆ ಮುಂದುವರಿಯಬಹುದು. ತಲೆ ಆಚೆ ತಿರುಗಿದರೆ ಒಂದು ಹೆಜ್ಜೆ ಹಿಂದೆ ಸರಿದು ಕಾಯಬೇಕು. ಈ ಹಿಂದೆ ಸರಿಯುವುದನ್ನು ಹೊಸಬರು ಮರೆಯುತ್ತಾರೆ, "ಇನ್ನೇನು, ಮುಟ್ಟೇಬಿಡೋಣ" ಅಂದುಕೊಳ್ಳುತ್ತಾರೆ. ಕುದುರೆ ಬೇಟೆಗೆ ಸಿಗುವ ಪ್ರಾಣಿ. ಬೇಡ ಎಂದಾಗ ನಿಲ್ಲುವವರನ್ನು ಅದು ಮುಂದಿನ ಸಲ ಹತ್ತಿರ ಬಿಟ್ಟುಕೊಳ್ಳುತ್ತದೆ.

ಆಮೇಲೆ ಮೈ ಉಜ್ಜುವ ಕೆಲಸ. ಹಲ್ಲಿರುವ ರಬ್ಬರ್ ಬ್ರಷ್ಷನ್ನು ದುಂಡಗೆ ತಿರುಗಿಸಿ ಧೂಳು ಏಳಿಸಬೇಕು, ಮೂಳೆ ಎದ್ದು ಕಾಣುವ ಮುಖ, ಕಾಲುಗಳ ಮೇಲೆ ಅದನ್ನು ಆಡಿಸಬಾರದು. ನಂತರ ಬಿರುಸು ಬ್ರಷ್ಷಿನಿಂದ ಕೂದಲು ಮಲಗಿದ ದಿಕ್ಕಿಗೆ ಗುಡಿಸಬೇಕು, ಕೊನೆಗೆ ಮೃದು ಬ್ರಷ್ಷು. ಕುತ್ತಿಗೆ ಮುಗಿದು ಬೆನ್ನು ಶುರುವಾಗುವ ಉಬ್ಬಿನ ಬಳಿ ಹೆಚ್ಚು ಹೊತ್ತು ಉಜ್ಜಲು ಹೇಳಿದೆವು. ಕುದುರೆಗಳು ಒಂದನ್ನೊಂದು ಹಲ್ಲಿನಿಂದ ಕೆರೆದುಕೊಳ್ಳುವುದು ಅಲ್ಲೇ, ಅಲ್ಲಿ ಕೆರೆದರೆ ಅವುಗಳ ಹೃದಯಬಡಿತ ಇಳಿಯುತ್ತದೆಂದು 1993ರಲ್ಲೇ ಅಳೆದು ತೋರಿಸಿದ್ದಾರೆ. ಗೌರಿ ಕೆಳತುಟಿ ಜೋತು ಬಿಟ್ಟು ನಿಂತಾಗ ಸಿಂಧುವಿನ ಅಂಗೈಯನ್ನು ಅದರ ಪಕ್ಕೆಯ ಮೇಲೆ ಇರಿಸಿದೆವು. ವಿಶ್ರಾಂತಿಯಲ್ಲಿರುವ ಕುದುರೆ ನಿಮಿಷಕ್ಕೆ 8ರಿಂದ 16 ಸಲ ಉಸಿರಾಡುತ್ತದೆ. ಪಕ್ಕೆ ಕೆಳಗಿಳಿಯುವಾಗ ನೀನೂ ಉಸಿರು ಬಿಡು, ಎಳೆದುಕೊಳ್ಳುವುದನ್ನು ಲೆಕ್ಕಿಸಬೇಡ, ಎಂದಷ್ಟೇ ಸೂಚನೆ. ಉಸಿರಾಟದ ಅಭ್ಯಾಸ ಇವಳಿಗೆ ದಕ್ಕಿದ್ದು ಹೀಗೆ, ಕಣ್ಣು ತೆರೆದು.

ನಡುವೆ ಕೆಟ್ಟದ್ದು

ತಾಯಿ ಪ್ರೀತಿಯಿಂದ ಕ್ಯಾರೆಟ್ ತಂದು ಮಗಳ ಕೈಯಿಂದ ತಿನ್ನಿಸಿದರು. ಮುಂದಿನ ವಾರ ಗೌರಿ ಜೇಬು ತಡಕಿತು, ಸಿಗದಾಗ ತೋಳಿನ ಬಟ್ಟೆ ಕಚ್ಚಿ ಎಳೆಯಿತು. ಕೈಯಿಂದ ತಿಂಡಿ ಕೊಟ್ಟರೆ ಕುದುರೆ ಮನುಷ್ಯರನ್ನು ಬಿಟ್ಟು ಅವರ ಜೇಬನ್ನು ಗಮನಿಸುತ್ತದೆ. ಅಂದಿನಿಂದ ಕ್ಯಾರೆಟ್ ಏನಿದ್ದರೂ ಭೇಟಿ ಮುಗಿದ ಮೇಲೆ, ಮೇವಿನ ಬೋಗುಣಿಯಲ್ಲಿ.

ಇನ್ನೊಂದು ದಿನ ಗೌರಿ ಬಾಲ ಬೀಸುತ್ತಾ, ಮೂತಿ ಬಿಗಿದು, ಬ್ರಷ್ ಕಂಡರೆ ಸರಿದು ಹೋಗುತ್ತಿತ್ತು. ಸಿಂಧು ಕಣ್ಣಲ್ಲಿ ನೀರು ತಂದುಕೊಂಡಳು: "ನಾನಂದ್ರೆ ಇದಕ್ಕೂ ಬೇಜಾರು." ಕುದುರೆ ನೋಡಿಕೊಳ್ಳುವ ಸೈಸ್ ಬಂದು ತಡವಿ ನೋಡಿದರೆ ಜೀನಿನ ಹೊಟ್ಟೆಪಟ್ಟಿ ಬಿಗಿಯುವ ಜಾಗದಲ್ಲಿ ಚರ್ಮ ಸುಲಿದು ಹುಣ್ಣಾಗಿತ್ತು. ಕೆಲಸ ಅಲ್ಲಿಗೇ ನಿಲ್ಲಿಸಿದೆವು. ಉಳಿದ ಹೊತ್ತು ಮಾತಾಡಿದ್ದು ಒಂದೇ ವಿಷಯ: ಎದುರಿನವರು ದೂರ ಸರಿದಾಗ ಕಾರಣ ನಾನೇ ಎಂದುಕೊಳ್ಳುವುದು ಅವಳ ಹಳೆಯ ಅಭ್ಯಾಸ, ಗೆಳತಿಯರ ವಿಷಯದಲ್ಲೂ ಹೀಗೇ ಆಗಿತ್ತು. ಕುದುರೆ ಬೇಡ ಎಂದ ದಿನ ಅದರ ಮಾತು ನಡೆಯಬೇಕು. ನೋವಿರುವ ಕುದುರೆಯನ್ನು ದುಡ್ಡು ಕಟ್ಟಿದ್ದಾರೆಂದು ನಿಲ್ಲಿಸಿಕೊಂಡು ನಡೆಸುವ ಜಾಗಕ್ಕೆ ಯಾರನ್ನೂ ಕಳಿಸಬಾರದು.

ಹಗ್ಗ

ತಿರುವು ಬಂದದ್ದು ನಡೆಸುವ ಅಭ್ಯಾಸದಲ್ಲಿ. ಸಿಂಧು ಗೌರಿಯ ಎದುರು ನಿಂತು, ಕಣ್ಣಿಗೆ ಕಣ್ಣಿಟ್ಟು, ಹಗ್ಗ ಎಳೆದಳು. ಗೌರಿ ನಾಲ್ಕೂ ಕಾಲು ಊರಿ ನಿಂತಿತು. ಬೇಲಿಯಾಚೆಯಿಂದ ತಾಯಿ "ಎಳಿ ಪುಟ್ಟಿ, ಇನ್ನೂ ಗಟ್ಟಿಯಾಗಿ ಎಳಿ" ಎಂದರು. ನಾನೂರು ಕಿಲೋ ತೂಗುವ ಪ್ರಾಣಿಯನ್ನು ಎಳೆದು ಗೆದ್ದವರಿಲ್ಲ. ಹಗ್ಗ ಬಿಗಿದಷ್ಟೂ ಕುದುರೆ ಹಿಂದಕ್ಕೆ ಜಗ್ಗುತ್ತದೆ.

ಸರಿಯಾದ ಕ್ರಮ ಬೇರೆ. ಕುದುರೆಯ ಭುಜದ ಪಕ್ಕ, ಒಂದು ತೋಳಿನ ಅಂತರದಲ್ಲಿ, ಹೋಗಬೇಕಾದ ದಿಕ್ಕಿಗೆ ಮುಖ ಮಾಡಿ ನಿಲ್ಲಬೇಕು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು, ಮಡಚಿ ಹಿಡಿಯಬೇಕು. ಸುತ್ತಿಕೊಂಡ ದಿನ ಕುದುರೆ ಬೆದರಿ ಓಡಿದರೆ ಬೆರಳು ಹೋಗುತ್ತದೆ. ಮುಂದಕ್ಕೆ ಸಣ್ಣ ಒತ್ತಡ ಕೊಟ್ಟು ಕಾಯಬೇಕು. ಕುದುರೆ ಒಂದು ಕಾಲು ಎತ್ತಿದ ಕ್ಷಣದಲ್ಲೇ ಒತ್ತಡ ಬಿಡಬೇಕು. ಕುದುರೆ ಕಲಿಯುವುದು ಒತ್ತಡದಿಂದಲ್ಲ, ಸರಿಯಾದ ಹೊತ್ತಿಗೆ ಸಿಕ್ಕ ಬಿಡುಗಡೆಯಿಂದ. ಹೆಜ್ಜೆ ಇಟ್ಟ ಮೇಲೂ ಎಳೆಯುತ್ತಲೇ ಇದ್ದರೆ ಮುಂದಿನ ಸಲ ಹೆಜ್ಜೆ ಇಡುವುದಕ್ಕೆ ಅದಕ್ಕೆ ಕಾರಣವೇ ಇರುವುದಿಲ್ಲ.

ಮುಂದಿನ ವಾರ ತಾಯಿಯನ್ನೂ ಒಳಗೆ ಕರೆದೆವು. ಅವರೂ ಎಳೆದರು, ಗೌರಿ ತಲೆ ಎತ್ತಿ ಹಿಂದೆ ಸರಿಯಿತು. ಆಗ ಸಿಂಧು, ವಾರಗಟ್ಟಲೆ ತಾಯಿಗೆ ಹೂಂ ಉಹೂಂ ಬಿಟ್ಟು ಬೇರೇನೂ ಹೇಳದಿದ್ದವಳು, "ಅಮ್ಮ, ಅದು ಕಾಲೆತ್ತಿತು ನೋಡು, ಈಗ ಬಿಟ್ಬಿಡು" ಎಂದಳು. ತಾಯಿ ಬಿಟ್ಟರು. ಗೌರಿ ನಡೆಯಿತು. ಆಮೇಲೆ ಇಬ್ಬರೂ ಎರಡು ಬದಿಯಲ್ಲಿ ಒಂದೊಂದು ಹಗ್ಗ ಹಿಡಿದು, ಮಾತಿಲ್ಲದೆ, ನೆಲಕ್ಕಿಟ್ಟ ನಾಲ್ಕು ಗಳಗಳನ್ನು ಅದನ್ನು ದಾಟಿಸಿದರು.

2009ರಲ್ಲಿ ಪ್ರಕಟವಾದ ಸ್ವೀಡನ್ನಿನ ಒಂದು ಪ್ರಯೋಗವನ್ನು ತಾಯಿಗೆ ಆ ದಿನವೇ ವಿವರಿಸಿದೆವು. ಕುದುರೆಯನ್ನು ಒಂದೇ ದಾರಿಯಲ್ಲಿ ನಾಲ್ಕು ಸಲ ನಡೆಸಲು ಹೇಳಿ, ನಾಲ್ಕನೆಯ ಸಲ ಮುಂದೆ ಕೊಡೆ ಬಿಚ್ಚುತ್ತಾರೆ ಎಂದಿದ್ದರು. ಕೊಡೆ ಬಿಚ್ಚಲೇ ಇಲ್ಲ. ಆದರೂ ನಡೆಸುವವರ ಎದೆಬಡಿತ ಏರಿತು, ಜೊತೆಗೆ ಕುದುರೆಯದೂ ಏರಿತು. "ಹಾಗಾದ್ರೆ ನಾನು ದಿನಾ ಕೊಡೆ ಕಾಯ್ತಾ ಇದ್ದೀನಿ" ಎಂದರು ಆ ತಾಯಿ. ಅದಕ್ಕಿಂತ ಚೆನ್ನಾಗಿ ನಾವು ಹೇಳಲಾರೆವು.

ಕೊಟ್ಟ ಸಲಹೆ

ತಾಯಿಗೆ: ಮೈಯ ಬಗ್ಗೆ ಪ್ರಶ್ನೆ ಪೂರ್ತಿ ನಿಲ್ಲಿಸಿ. ಎದೆ, ಉಸಿರು, ತಲೆಸುತ್ತು ಯಾವುದನ್ನೂ ವಿಚಾರಿಸಬೇಡಿ. ಬೇರೆ ವಿಷಯ ಕೇಳುವುದಿದ್ದರೆ ಒಂದು ಸಲ ಕೇಳಿ, ಹತ್ತು ನಿಮಿಷ ಬಿಡಿ. ಅವಳು ಅರ್ಧ ಮಾತಾಡಿದರೂ ಅದೇ ಕಾಲೆತ್ತಿದ್ದು ಎಂದುಕೊಂಡು "ಸರಿ ಕಣೇ" ಎಂದು ಅಲ್ಲಿಗೆ ಬಿಡಿ, ಬೆನ್ನಿಗೇ ಇನ್ನೊಂದು ಪ್ರಶ್ನೆ ಹಾಕಬೇಡಿ. ದಿನಕ್ಕೊಮ್ಮೆ ಅಕ್ಕಪಕ್ಕ ಕೂತು ಕೈಗೆ ಕೆಲಸ ಇರುವ ಏನಾದರೂ ಮಾಡಿ. ಅವರು ಅವರೆಕಾಯಿ ಸುಲಿಯುವುದನ್ನು ಆರಿಸಿಕೊಂಡರು.

ಸಿಂಧುಗೆ: ಗಾಬರಿ ಬಂದಾಗ ಹೊರಗಿನ ಒಂದು ಚಲನೆಯನ್ನು ನೋಡು, ಉಸಿರು ಬಿಡುವುದನ್ನಷ್ಟೇ ನಿಧಾನಿಸು. ಆದರೆ ಬಸ್ಸಿನಿಂದ ಇಳಿಯಬೇಡ. ಗಾಬರಿ ತಾನಾಗಿ ಏರಿ ತಾನಾಗಿ ಇಳಿಯುವುದನ್ನು ಸೀಟಿನಲ್ಲಿ ಕೂತೇ ಕಾಣಬೇಕು. ಮೊದಲು ನಿಲ್ದಾಣದವರೆಗೆ, ಆಮೇಲೆ ಮಧ್ಯಾಹ್ನದ ಖಾಲಿ ಬಸ್ಸಿನಲ್ಲಿ ಒಂದು ಸ್ಟಾಪು, ಮೂರು ಸ್ಟಾಪು, ಕೊನೆಗೆ ಸಂಜೆಯ ನೂಕುನುಗ್ಗಲು. ಒಂದು ಮೆಟ್ಟಿಲಲ್ಲಿ ಭಯ ಅರ್ಧಕ್ಕಿಳಿದ ಮೇಲೆ ಮುಂದಿನದು.

ಇಂಥ ಜಾಗ ಹುಡುಕುವ ಬೇರೆಯವರಿಗೆ: ಆಪ್ತಸಲಹೆಗಾರರ ಅಥವಾ ಮನಶ್ಶಾಸ್ತ್ರಜ್ಞರ ಅರ್ಹತೆ ಕೇಳಿ. ಅಂಥವರಿಲ್ಲದಿದ್ದರೆ ಅದು ಸವಾರಿ ಕ್ಲಾಸು, ಅದೂ ಒಳ್ಳೆಯದೇ, ಆದರೆ ಚಿಕಿತ್ಸೆ ಅಲ್ಲ. ಹತೋಟಿಗೆ ಬಾರದ ಮೂರ್ಛೆರೋಗ, ತೀವ್ರ ಆಸ್ತಮಾ, ಪ್ರಾಣಿಗಳನ್ನು ಹಿಂಸಿಸಿದ ಇತಿಹಾಸ ಇದ್ದರೆ ಇದು ಸಲ್ಲದು. ಸಾಯುವ ಮಾತು ಬಂದಿದ್ದರೆ ಲಾಯಕ್ಕಲ್ಲ, ಮೊದಲು ಮನೋವೈದ್ಯರಲ್ಲಿಗೆ. ರಾತ್ರಿಯಾದರೂ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ದೂರ ಅಥವಾ ಖರ್ಚು ಅಡ್ಡಿಯಾದರೆ, ಮನೆಯ ಹಸುವಿನ ಮೈ ಉಜ್ಜುತ್ತಲೂ ಈ ಉಸಿರಿನ ಅಭ್ಯಾಸ ಮಾಡಬಹುದು.

ಸಿಂಧು ಈಗ ಕಾಲೇಜಿಗೆ ಬಸ್ಸಿನಲ್ಲೇ ಹೋಗುತ್ತಾಳೆ. ತಿಂಗಳಿಗೆ ಒಂದೆರಡು ಸಲ ಗಾಬರಿ ಬರುತ್ತದೆ, ಆದರೂ ಇಳಿಯುವುದಿಲ್ಲ. ಗೌರಿಯ ಭೇಟಿ ನಿಲ್ಲಿಸಬೇಡಿ ಎಂದು ಅವಳು ಕೇಳಿಕೊಂಡಳು. ತಿಂಗಳಿಗೊಂದು ಭಾನುವಾರ ಲಾಯಕ್ಕೆ ಹೋಗಿ ಸೈಸ್ ಅಣ್ಣನ ಜೊತೆ ಮೈ ಉಜ್ಜಿ ಬರಬಹುದು ಎಂದು ಒಪ್ಪಿದೆವು, ಒಂದು ಷರತ್ತಿನ ಮೇಲೆ: ಪರೀಕ್ಷೆಯ ಹಿಂದಿನ ದಿನ, ಗಾಬರಿಯಾದ ಮರುದಿನ ಹೋಗುವಂತಿಲ್ಲ. ಅಂಥ ದಿನಗಳಲ್ಲೇ ಹೋಗುವ ರೂಢಿಯಾದರೆ, ಗೌರಿ ಇಲ್ಲದೆ ಪರೀಕ್ಷೆ ಬರೆಯಲಾರೆ ಎಂಬ ಹೊಸ ಭಯ ಹುಟ್ಟುತ್ತದೆ.