ಕೆಪಾಸಿಟರ್ ಉಬ್ಬದಿದ್ದರೂ ಕೆಟ್ಟಿರುತ್ತದೆ

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಪ್ರಶ್ನೆಗಳೆಲ್ಲ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್, ಅಂದರೆ ಚಾರ್ಜ್ ತುಂಬಿಟ್ಟುಕೊಂಡು ಬೇಕಾದಾಗ ಬಿಡುವ ಪುಟ್ಟ ಡಬ್ಬಿಯ ಸುತ್ತಲೇ ಇವೆ. ಅದು ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬುದರ ಅಳತೆಯೇ ಮೈಕ್ರೋಫ್ಯಾರಡ್. ಅಂಗಡಿಯಲ್ಲಿ ‘ಕಂಡೆನ್ಸರ್’ ಎಂದು ಕೇಳಿದರೂ ನಡೆಯುತ್ತದೆ.

ಪ್ರಶ್ನೆ: ನಮ್ಮ ಎಲ್‌ಇಡಿ ಟಿವಿಗೆ ಎಂಟು ವರ್ಷ ಆತು. ಕರೆಂಟ್ ಇರೋತನಕ ಛಲೋ ನಡೀತದ. ಕರೆಂಟ್ ಹೋಗಿ ಒಂದ್ ತಾಸು ಬಿಟ್ಟು ಬಂದ್ರ ಚಾಲೂನ ಆಗಂಗಿಲ್ಲ, ಕೆಂಪು ಲೈಟೂ ಇಲ್ಲ. ಹಿಂದಿಂದ ಹೇರ್ ಡ್ರೈಯರ್ ಹಿಡದ್ರ ಚಾಲೂ ಆಗ್ತದ. ಬೋರ್ಡಿನ ಮ್ಯಾಲೆ ಒಂದೂ ಕಂಡೆನ್ಸರ್ ಉಬ್ಬಿಲ್ಲ. ಬೋರ್ಡೇ ಬದಲಿ ಮಾಡ್ಬೇಕೇನ್ರಿ? — ಬೆಟಗೇರಿ

ಉತ್ತರ: ಬೇಡ. ಬಿಸಿ ಗಾಳಿಗೆ ಚಾಲೂ ಆಗುತ್ತದೆ ಎಂದಿರಲ್ಲ, ರೋಗ ಅಲ್ಲೇ ಸಿಕ್ಕಿತು. ಕೆಪಾಸಿಟರಿನ ಒಳಗಿನ ಕಾಗದ ದ್ರವದಲ್ಲಿ ನೆನೆದಿರಬೇಕು. ಆ ದ್ರವ ವರ್ಷಗಟ್ಟಲೆ ತಳದ ರಬ್ಬರಿನ ಮೂಲಕ ಸ್ವಲ್ಪಸ್ವಲ್ಪವೇ ಆರಿಹೋಗುತ್ತದೆ. ಉಳಿದಷ್ಟು ದ್ರವ ತಣ್ಣಗಿದ್ದಾಗ ಒಳಗಿನ ರೋಧ, ಅಂದರೆ ಇಎಸ್‌ಆರ್, ಇನ್ನೂ ಏರುತ್ತದೆ, ಕಾಯ್ದರೆ ಇಳಿಯುತ್ತದೆ.

ಸಪ್ಲೈ ಬೋರ್ಡಿನಲ್ಲಿ ಕಂಟ್ರೋಲ್ ಐಸಿ (ಸಪ್ಲೈ ನಡೆಸುವ ಚಿಪ್) ಪಕ್ಕ 22 ಅಥವಾ 47 ಮೈಕ್ರೋಫ್ಯಾರಡ್, 50 ವೋಲ್ಟಿನ ಪುಟ್ಟ ಕೆಪಾಸಿಟರ್ ಇರುತ್ತದೆ. ಕರೆಂಟ್ ಬಂದ ಕೂಡಲೇ ದೊಡ್ಡ ರೆಸಿಸ್ಟರ್ ಮೂಲಕ ಇದು ನಿಧಾನಕ್ಕೆ ತುಂಬಿಕೊಳ್ಳುತ್ತದೆ, ಐಸಿ ಎಚ್ಚರವಾಗುತ್ತದೆ. ಟ್ರಾನ್ಸ್‌ಫಾರ್ಮರಿನಿಂದ ಐಸಿಗೆ ಸ್ವಂತ ಸಪ್ಲೈ ಬರುವವರೆಗೆ ಅದನ್ನು ಹಿಡಿದು ನಿಲ್ಲಿಸುವುದು ಈ ಪುಟ್ಟದರ ಕೆಲಸ. ಒಣಗಿದ್ದರೆ ಆ ಗಳಿಗೆಯಲ್ಲೇ ವೋಲ್ಟೇಜ್ ಕುಸಿದು ಐಸಿ ಮತ್ತೆ ಮಲಗುತ್ತದೆ. ಕೆಲವು ಬೋರ್ಡುಗಳಲ್ಲಿ ಟಿಕ್ ಟಿಕ್ ಸದ್ದು, ಕೆಲವದರಲ್ಲಿ ಸದ್ದೇ ಇಲ್ಲ. ಒಮ್ಮೆ ಚಾಲೂ ಆದರೆ ತೊಂದರೆಯಿಲ್ಲ, ಹಾಗಾಗಿ ಕರೆಂಟ್ ಹೋದ ದಿನವೇ ರೋಗ ಕಾಣುವುದು. ಇಷ್ಟು ಸಣ್ಣದು ಉಬ್ಬುವುದು ಅಪರೂಪ. ತಲೆಯ ಮೇಲೆ ಸೀಳುಗೆರೆಯೂ ಇರುವುದಿಲ್ಲ. ಕಣ್ಣಿನಿಂದ ಹುಡುಕಿದರೆ ಸಿಗದು.

ಹಾಕುವಾಗ ಅದೇ ಮೈಕ್ರೋಫ್ಯಾರಡ್, 50 ವೋಲ್ಟ್, 105 ಡಿಗ್ರಿ ಶಾಖ ತಾಳುವುದು ತನ್ನಿ. ‘ಜಾಸ್ತಿ ಇದ್ದರೆ ಒಳ್ಳೆಯದು’ ಎಂದು 220 ಹಾಕಿದರೆ ತುಂಬಲು ಹೊತ್ತು ಹಿಡಿದು ಬೇರೆಯೇ ತಕರಾರು ಶುರುವಾಗುತ್ತದೆ.

ಅದಕ್ಕೂ ಮೊದಲು ಅದೇ ಬೋರ್ಡಿನಲ್ಲಿ ಡಿಸಿಯ ಏರಿಳಿತ ಸಮ ಮಾಡುವ ದೊಡ್ಡ ಫಿಲ್ಟರ್ ಕೆಪಾಸಿಟರಿಗೆ ಹೆದರಿ. 230 ವೋಲ್ಟ್ ಎಸಿ ಅಲ್ಲಿ ಸುಮಾರು 325 ವೋಲ್ಟ್ ಡಿಸಿ ಆಗಿ ಕೂತಿರುತ್ತದೆ. ನಿಮ್ಮ ಟಿವಿಯಂತೆ ಸಪ್ಲೈ ಚಾಲೂ ಆಗದಿದ್ದರೆ ಆ ಚಾರ್ಜ್ ಎಳೆದುಕೊಳ್ಳುವವರೇ ಇರುವುದಿಲ್ಲ, ಪ್ಲಗ್ ಕಿತ್ತ ಮೇಲೂ ಬಹಳ ಹೊತ್ತು ಉಳಿದಿರಬಹುದು. 10 ಕಿಲೋಓಮ್, 10 ವ್ಯಾಟಿನ ರೆಸಿಸ್ಟರಿಗೆ ಎರಡು ವೈರ್ ಬೆಸೆದು, ಸ್ಲೀವ್ ಹಾಕಿ, ಆ ದೊಡ್ಡ ಕೆಪಾಸಿಟರಿನ ಎರಡೂ ಕಾಲಿಗೆ ಹತ್ತು ಸೆಕೆಂಡು ತಾಗಿಸಿ. 100 ಮೈಕ್ರೋಫ್ಯಾರಡಿಗೆ ಐದು ಸೆಕೆಂಡೇ ಸಾಕು, ಉಳಿದದ್ದು ಧೈರ್ಯಕ್ಕೆ. ಆಮೇಲೆ ಮೀಟರ್ ಹಿಡಿದು ನೋಡಿಯೇ ಕೈ ಹಾಕಿ. ಸ್ಕ್ರೂಡ್ರೈವರ್ ಅಡ್ಡ ಹಿಡಿದು ‘ಚಟ್’ ಅನಿಸುವ ಚಾಳಿ ಬಿಡಿ. ಬೋರ್ಡಿನ ತಾಮ್ರದ ಗೆರೆ, ಅಂದರೆ ಟ್ರ್ಯಾಕ್, ಸುಡುತ್ತದೆ, ಕಿಡಿ ಕಣ್ಣಿಗೆ ಹಾರುತ್ತದೆ.

ಕೀಳುವ ಮೊದಲು ಫೋಟೊ ತೆಗೆದಿಡಿ. ಡಬ್ಬಿಯ ಮೇಲಿನ ಬಿಳಿ ಪಟ್ಟಿ ಮೈನಸ್. ಬೋರ್ಡಿನ ಮೇಲೂ ಸಾಮಾನ್ಯವಾಗಿ ಗೆರೆ ಎಳೆದ ಅಥವಾ ಬಣ್ಣ ತುಂಬಿದ ಅರ್ಧವೇ ಮೈನಸ್, ಆದರೆ ಕೆಲವು ಕಂಪ್ಯೂಟರ್ ಬೋರ್ಡುಗಳಲ್ಲಿ ಇದು ತದ್ವಿರುದ್ಧ. ಹಳೆಯ ಬೆಸುಗೆಗೆ ಸ್ವಲ್ಪ ಹೊಸ 60/40 ಸೋಲ್ಡರ್ ಸೇರಿಸಿ, ಕರಗಿದಾಗ ಸಕ್ಕರ್‌ನಿಂದ ಎಳೆಯಿರಿ. ಗ್ರೌಂಡಿನ ಕಾಲು ಅಗಲವಾದ ತಾಮ್ರಕ್ಕೆ ಸೇರಿರುವುದರಿಂದ 25 ವ್ಯಾಟಿನ ಐರನ್ನಿಗೆ ಬಗ್ಗದು. ಅಲ್ಲಿಗೆ 50–60 ವ್ಯಾಟಿನದು ಬೇಕು. ಕರಗುವ ಮುಂಚೆ ಜಗ್ಗಿದರೆ ಟ್ರ್ಯಾಕೇ ಎದ್ದು ಬರುತ್ತದೆ. ಕೆಪಾಸಿಟರ್ ಬುಡದಲ್ಲಿ ಅಂಟು ಕಂದು ಬಣ್ಣಕ್ಕೆ ತಿರುಗಿದ್ದರೆ ಕೆರೆದು ತೆಗೆಯಿರಿ. ಹಳತಾದ ಕೆಲವು ಅಂಟು ಕರೆಂಟ್ ಹಾಯಿಸುತ್ತದೆ, ತಾಮ್ರವನ್ನೂ ತಿನ್ನುತ್ತದೆ. ದ್ರವ ಸೋರಿದ ಗುರುತಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ.

ಮೊದಲ ಸಲ ಚಾಲೂ ಮಾಡುವಾಗ 60 ಅಥವಾ 100 ವ್ಯಾಟಿನ ತಂತಿ ಬಲ್ಬನ್ನು ಸೀರೀಸಿನಲ್ಲಿ, ಅಂದರೆ ಕರೆಂಟ್ ಬಲ್ಬಿನ ಮೂಲಕವೇ ಟಿವಿಗೆ ಹೋಗುವಂತೆ, ಕೊಡಿ, ಎಲ್‌ಇಡಿ ಬಲ್ಬ್ ಆಗದು. ಒಮ್ಮೆ ಮಿಂಚಿ ಮಂಕಾದರೆ ಸರಿ. ಪೂರ್ತಿ ಬೆಳಕಾಗಿಯೇ ನಿಂತರೆ ಎಲ್ಲೋ ಶಾರ್ಟ್ ಇದೆ.

ಪ್ರಶ್ನೆ: ಸೆಟ್‌ಟಾಪ್ ಬಾಕ್ಸಿನ 12 ವೋಲ್ಟ್ ಅಡಾಪ್ಟರಿನೊಳಗ 1000 ಮೈಕ್ರೋಫ್ಯಾರಡ್, 16 ವೋಲ್ಟಿನದು ಉಬ್ಬಿತ್ತು. ಅದೇ ನಂಬರಿನ ಹೊಸದು ಹಾಕಿದೆ. ಐದು ತಿಂಗಳಿಗೆ ಅದೂ ಉಬ್ಬಿತು. ಯಾಕ? — ಹಳೇ ಹುಬ್ಬಳ್ಳಿ

ಉತ್ತರ: ನಂಬರ್ ಒಂದೇ, ಜಾತಿ ಬೇರೆ. ಅಡಾಪ್ಟರಿನಲ್ಲಿ ಕರೆಂಟ್ ಸೆಕೆಂಡಿಗೆ ಸುಮಾರು 65 ಸಾವಿರ ಸಲ ತುಂಬಿ ಖಾಲಿಯಾಗುತ್ತಿರುತ್ತದೆ. ಸಾದಾ ಕೆಪಾಸಿಟರ್ ಮಾಡಿರುವುದು ಟ್ರಾನ್ಸ್‌ಫಾರ್ಮರ್ ಸಪ್ಲೈನ 100 ಹರ್ಟ್ಸಿಗೆ. ಒಳಗಿನ ರೋಧ 0.2 ಓಮ್ ಇದ್ದು 1 ಆಂಪಿಯರ್ ಏರಿಳಿತ ಹಾಯ್ದರೆ 0.2 ವ್ಯಾಟ್ ಶಾಖ ಹೆಬ್ಬೆರಳಿಗಿಂತ ಸಣ್ಣ ಡಬ್ಬಿಯೊಳಗೇ ಹುಟ್ಟುತ್ತದೆ. ಅದೇ ಲೋ ಇಎಸ್‌ಆರ್ ಜಾತಿಯದು 0.05 ಓಮ್ ಇದ್ದರೆ ಶಾಖ ಕಾಲು ಭಾಗಕ್ಕೆ ಇಳಿಯಿತು. ಅಂಗಡಿಯಲ್ಲಿ ‘1000, 16’ ಎಂದಷ್ಟೇ ಹೇಳಬೇಡಿ. ‘ಲೋ ಇಎಸ್‌ಆರ್, 105 ಡಿಗ್ರಿ’ ಎಂದೂ ಸೇರಿಸಿ.

ಡಿಗ್ರಿಯ ಲೆಕ್ಕ ಒಮ್ಮೆ ಕೂತು ಮಾಡಿ ನೋಡಿ. 10 ಡಿಗ್ರಿ ತಂಪಾದಂತೆ ಆಯುಷ್ಯ ಎರಡು ಪಟ್ಟು ಎಂಬುದು ಈ ಕಸುಬಿನ ರೂಢಿ ಲೆಕ್ಕ. ಡಬ್ಬಿ 75 ಡಿಗ್ರಿ ಕಾಯುತ್ತದೆ ಎನ್ನಿ. 85 ಡಿಗ್ರಿಗೆ 2000 ತಾಸು ಬಾಳುವ ಮಾಲು ಅಲ್ಲಿ 4000 ತಾಸು, ಅಂದರೆ ಹಗಲುರಾತ್ರಿ ಪ್ಲಗ್ ಹಚ್ಚಿಟ್ಟರೆ ಐದೂವರೆ ತಿಂಗಳು. ನಿಮ್ಮದು ಹೆಚ್ಚುಕಡಿಮೆ ಅಷ್ಟೇ ಬಾಳಿದೆ! 105 ಡಿಗ್ರಿಯ 2000 ತಾಸಿನದು ಅದೇ ಜಾಗದಲ್ಲಿ 16,000 ತಾಸು. 5000 ತಾಸಿನದು ಸಿಕ್ಕರೆ ಇನ್ನೂ ಚಲೋ. ಅಡಾಪ್ಟರನ್ನು ಟಿವಿ ಹಿಂದಿನ ಸಂದಿಯಿಂದ ಗಾಳಿಗೆ ತಂದರೂ ಅರ್ಧ ಕೆಲಸ ಆದಂತೆ. ನಮ್ಮ ಏಪ್ರಿಲ್ ತಿಂಗಳ ಬಿಸಿಲಿಗೆ ಕೋಣೆಯೇ ಒಲೆ.

16ರ ಬದಲು 25 ವೋಲ್ಟಿನದು ಹಾಕಬಹುದು, ಜಾಗ ಹಿಡಿಸಿದರೆ. 8 ಮಿಲಿಮೀಟರ್ ಡಬ್ಬಿಗೆ ಕಾಲುಗಳ ಅಂತರ 3.5, 10ರದಕ್ಕೆ 5 ಮಿಲಿಮೀಟರ್; ಅಳೆದು ತನ್ನಿ. ಹಾಕುವ ಮುನ್ನ ಹೊಸದನ್ನೂ ಪರೀಕ್ಷಿಸಿ. ದೊಡ್ಡ ಕವಚದೊಳಗೆ ಸಣ್ಣ ಕೆಪಾಸಿಟರ್ ಅಡಗಿಸಿದ ಖೋಟಾ ಮಾಲು ಬರುತ್ತದೆ, ಕೈಗೆ ಹಗುರ ಅನಿಸುತ್ತದೆ. 1000ದ್ದು 800ರಿಂದ 1200ರವರೆಗೆ ತೋರಿಸಿದರೆ ಸರಿ, 400 ತೋರಿಸಿದರೆ ವಾಪಸ್ ಕೊಡಿ. ಮೀಟರಿನ ಕೆಪಾಸಿಟಿ ರೇಂಜ್ ಒಂದನ್ನೇ ನಂಬಿ ಕೂರುವುದೂ ತಪ್ಪು: ಕೆಟ್ಟದ್ದು ಕೂಡ ಅಲ್ಲಿ 900 ತೋರಿಸಬಲ್ಲದು. ಇಎಸ್‌ಆರ್ ತೋರಿಸುವ ಕಾಂಪೊನೆಂಟ್ ಟೆಸ್ಟರ್ ಬೇಕು. ಈ ಅಳತೆಯ ಕೆಪಾಸಿಟರ್ ಅರ್ಧ ಓಮ್ ದಾಟಿದರೆ ಬಿಸಾಕಿ. ಚಾರ್ಜ್ ಇಳಿಸದೆ ಟೆಸ್ಟರಿಗೆ ಹಾಕಿದರೆ ಟೆಸ್ಟರೇ ಹೋಗುತ್ತದೆ.

ಪ್ರಶ್ನೆ: ಭಜನಾ ಮಂಡಳಿಯ ಆಂಪ್ಲಿಫೈಯರ್ ವಾಲ್ಯೂಮ್ ಸೊನ್ನೆಗೆ ಇಟ್ಟರೂ ಗುಂಯ್ ಎನ್ನುತ್ತದೆ. ಟ್ರಾನ್ಸ್‌ಫಾರ್ಮರ್ 24-0-24. — ಹಾವೇರಿ

ಉತ್ತರ: ವಾಲ್ಯೂಮ್ ತಿರುಗಿಸಿದರೆ ಗುಂಯ್ ಹೆಚ್ಚುಕಡಿಮೆ ಆಗುತ್ತಿದ್ದರೆ ಮೈಕ್ ವೈರೋ ಅರ್ಥಿಂಗೋ ನೋಡಿ ಎನ್ನುತ್ತಿದ್ದೆವು. ಸೊನ್ನೆಗೂ ಇದೆ ಎಂದರೆ ಫಿಲ್ಟರ್ ಕೆಪಾಸಿಟರ್ ಜೋಡಿಯ ಮೇಲೆಯೇ ಅನುಮಾನ. 24 ವೋಲ್ಟ್ ಎಸಿ ಡಿಸಿಯಾಗಿ 34 ಆಗುತ್ತದೆ; ಲೈನ್ ಏರಿದಾಗ, ಲೋಡ್ ಇಲ್ಲದಾಗ 38–39 ಮುಟ್ಟುತ್ತದೆ. ಆದ್ದರಿಂದ 35 ವೋಲ್ಟಿನದು ಬೇಡ, 4700 ಮೈಕ್ರೋಫ್ಯಾರಡ್ 50 ವೋಲ್ಟಿನ ಎರಡನ್ನೂ ಒಟ್ಟಿಗೇ ಬದಲಿಸಿ. ಇಲ್ಲಿ ಸಾದಾ ಜಾತಿಯೇ ಸಾಕು. 10,000 ಹಾಕುವ ಆಸೆ ಬೇಡ, ಸ್ವಿಚ್ ಒತ್ತಿದ ಕ್ಷಣದ ಹೊಡೆತ ಎಸಿಯನ್ನು ಡಿಸಿ ಮಾಡುವ ಡಯೋಡುಗಳ ಬ್ರಿಡ್ಜಿಗೆ ಬೀಳುತ್ತದೆ. ಆ ಬ್ರಿಡ್ಜನ್ನೂ ಒಮ್ಮೆ ನೋಡಿ: ಒಂದು ಡಯೋಡ್ ಹೋದರೂ ಇದೇ ಗುಂಯ್.

ಪ್ರಶ್ನೆ: ಫ್ಯಾನ್ ನಿಧಾನ ತಿರುಗ್ತದ. ಹಳೇ ರೇಡಿಯೊದ 2.2 ಮೈಕ್ರೋಫ್ಯಾರಡ್, 450 ವೋಲ್ಟಿನದು ಹಾಕಬಹುದಾ? ಬೋರಿನ ಪೆಟ್ಟಿಗೆಯೊಳಗಿನ ಸ್ಟಾರ್ಟ್ ಕೆಪಾಸಿಟರ್ರೂ ಮೇಲಿಂದ ಮೇಲೆ ಸಿಡೀತದ. — ರಾಣೆಬೆನ್ನೂರು ತಾಲೂಕು

ಉತ್ತರ: ಖಂಡಿತ ಹಾಕಬೇಡಿ. ಅದು ಪ್ಲಸ್-ಮೈನಸ್ ಇರುವ ಜಾತಿ; ಎಸಿಗೆ ಹಾಕಿದರೆ ಸಿಡಿಯುತ್ತದೆ. ಫ್ಯಾನಿಗೆ ಬೇಕಾದದ್ದು 440 ವೋಲ್ಟ್ ಎಸಿ ಎಂದು ಬರೆದ ಫಿಲ್ಮ್ ಕೆಪಾಸಿಟರ್, ಸಾಮಾನ್ಯವಾಗಿ 2.5 ಮೈಕ್ರೋಫ್ಯಾರಡ್. ಬೋರಿನ ಸ್ಟಾರ್ಟ್ ಕೆಪಾಸಿಟರ್ ಎಲೆಕ್ಟ್ರೋಲಿಟಿಕ್ಕೇ ಆದರೂ ಪ್ಲಸ್-ಮೈನಸ್ ಇಲ್ಲದ್ದು, ಒಂದೆರಡು ಸೆಕೆಂಡಿನ ಕೆಲಸಕ್ಕೆ ಮಾಡಿದ್ದು. ಮತ್ತೆ ಮತ್ತೆ ಸಿಡಿಯುತ್ತಿದ್ದರೆ ತಪ್ಪು ಅದರದಲ್ಲ. ಸ್ಟಾರ್ಟ್ ಬಟನ್ನೋ ರಿಲೇ ಕಾಂಟ್ಯಾಕ್ಟೋ ಅಂಟಿಕೊಂಡು ಅದನ್ನು ಲೈನಿನಲ್ಲೇ ಬಿಡುತ್ತಿರಬೇಕು. ಮೊದಲು ಅದನ್ನು ಸರಿಪಡಿಸಿ.

ಪ್ರಶ್ನೆ: ಅಜ್ಜನ ಕಾಲದ ವಾಲ್ವ್ ರೇಡಿಯೊ ಇಪ್ಪತ್ತು ವರ್ಷದಿಂದ ಅಟ್ಟದ ಮೇಲಿತ್ತು. ಪ್ಲಗ್ ಹಚ್ಚಿ ನೋಡಬಹುದೇ? — ಧಾರವಾಡ

ಉತ್ತರ: ಹಚ್ಚಬೇಡಿ. ಬಳಕೆಯಿಲ್ಲದೆ ಇಟ್ಟ ಎಲೆಕ್ಟ್ರೋಲಿಟಿಕ್ಕಿನ ಒಳಗಿನ ಆಕ್ಸೈಡ್ ಪದರ ಕೆಟ್ಟಿರುತ್ತದೆ. ಒಮ್ಮೆಲೇ ಪೂರ್ತಿ ವೋಲ್ಟೇಜ್ ಬಿದ್ದರೆ ಕರೆಂಟ್ ಸೋರಿ, ಕಾಯ್ದು, ಹೋಗುವಾಗ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರನ್ನೂ ಟ್ರಾನ್ಸ್‌ಫಾರ್ಮರನ್ನೂ ಕರೆದುಕೊಂಡೇ ಹೋಗುತ್ತದೆ. ರೆಸಿಸ್ಟರ್ ಮೂಲಕ ವೋಲ್ಟೇಜನ್ನು ಮೆಲ್ಲಗೆ ಏರಿಸಿ ಪದರ ಮತ್ತೆ ಕಟ್ಟಿಸುವ ವಿಧಾನ ಇದೆ. ಆದರೆ ದಿನಾ ಕೇಳುವ ರೇಡಿಯೊಗೆ ಬದಲಿಸುವುದೇ ಲೇಸು.

ಟ್ರಾನ್ಸ್‌ಫಾರ್ಮರ್ ಇಲ್ಲದ ಎಸಿ-ಡಿಸಿ ಸೆಟ್ ಆಗಿದ್ದರೆ ಚಾಸಿಯಲ್ಲೇ, ಅಂದರೆ ಲೋಹದ ತಳದಲ್ಲೇ, ಲೈನ್ ಕರೆಂಟ್ ಇರಬಹುದು, ಗೊತ್ತಿದ್ದವರಿಗೇ ಕೊಡಿ. ಟ್ರಾನ್ಸ್‌ಫಾರ್ಮರ್ ಇದ್ದರೆ, ಚಾಸಿಯ ಮೇಲಿನ ಹಳೇ ಜೋಡಿ ಡಬ್ಬಿಯನ್ನು ಅಂದಕ್ಕೆ ಹಾಗೇ ಬಿಟ್ಟು ವೈರ್ ಪೂರ್ತಿ ಬಿಡಿಸಿ. ಅದರ ಮೇಲೆ 16+16 ಎಂದಿದ್ದರೆ ಕೆಳಗೆ 22 ಮೈಕ್ರೋಫ್ಯಾರಡ್ 450 ವೋಲ್ಟಿನ ಎರಡು ಕೂಡಿಸಿ. ಅದಕ್ಕಿಂತ ಬಹಳ ದೊಡ್ಡದನ್ನು ವಾಲ್ವ್ ರೆಕ್ಟಿಫೈಯರ್ ತಾಳದು. ಔಟ್‌ಪುಟ್ ವಾಲ್ವಿನ ಗ್ರಿಡ್ಡಿಗೆ ಹೋಗುವ ಮೇಣದ ಕಾಗದದ ಕೆಪಾಸಿಟರನ್ನೂ ಕಿತ್ತು ಅದೇ ಮೈಕ್ರೋಫ್ಯಾರಡಿನ, 630 ವೋಲ್ಟಿನ ಪಾಲಿಯೆಸ್ಟರ್ ಹಾಕಿ. ಅದು ಸೋರಿದರೆ ವಾಲ್ವಿನ ಪ್ಲೇಟ್ ಕೆಂಪಗಾಗುತ್ತದೆ.

ಸೀರೀಸ್ ಬಲ್ಬಿನ ಪರೀಕ್ಷೆ ದಾಟಿದ ಮೇಲೆ ಮುಳ್ಳನ್ನು 765 ಕಿಲೋಹರ್ಟ್ಸಿಗೆ ತನ್ನಿ, ಅಲ್ಲಿ ಧಾರವಾಡ ಆಕಾಶವಾಣಿ. ಹಳೇ ಡಯಲಿನಲ್ಲಿ ತರಂಗದ ಉದ್ದದ ಮೀಟರ್ ಗುರುತಷ್ಟೇ ಇದ್ದರೆ 392ರ ಹತ್ತಿರ ಹುಡುಕಿ.