ಇ-ಸ್ಪೋರ್ಟ್ಸ್ ಆಟದ ಮೇಲೆ ಕಂಪನಿಗೇ ಪೂರ್ಣ ಅಧಿಕಾರವಿರುವುದು ಸರಿಯೇ? ಮುಕ್ತ ತಂತ್ರಾಂಶದಿಂದ ಪರಿಹಾರ ಸಾಧ್ಯವೇ?

ಸರಿಯಲ್ಲವೆಂಬುದು ಇ-ಸ್ಪೋರ್ಟ್ಸ್ ಪಂದ್ಯಗಳನ್ನು, ಅಂದರೆ ವಿಡಿಯೋ ಗೇಮ್ ಸ್ಪರ್ಧೆಗಳನ್ನು, ವರ್ಷಗಳಿಂದ ಆಸ್ಥೆಯಿಂದ ನೋಡುತ್ತ ಬಂದಿರುವ ನನ್ನ ಸ್ಪಷ್ಟ ಅಭಿಪ್ರಾಯ. ನಮ್ಮ ತುಮಕೂರಿನ ಜೂನಿಯರ್ ಕಾಲೇಜು ಮೈದಾನದಲ್ಲಿ ಕಬಡ್ಡಿ ಪಂದ್ಯ ಏರ್ಪಡಿಸುವವರು ಆ ಆಟದ ಒಡೆಯನನ್ನು ಹುಡುಕಿಕೊಂಡು ಹೋಗಬೇಕಿಲ್ಲ, ಏಕೆಂದರೆ ಕಬಡ್ಡಿಗೆ ಒಡೆಯನೇ ಇಲ್ಲ. ಇ-ಸ್ಪೋರ್ಟ್ಸ್‌ನಲ್ಲಾದರೋ ಆಟ, ಸರ್ವರ್, ನಿಯಮ, ಶಿಕ್ಷೆ ಎಲ್ಲವೂ ಸಾಮಾನ್ಯವಾಗಿ ಒಂದೇ ಕಂಪನಿಯ ಕೈಯಲ್ಲಿರುತ್ತವೆ.

2019ರ ಅಕ್ಟೋಬರ್‌ನಲ್ಲಿ ಹಾರ್ತ್‌ಸ್ಟೋನ್ ಎಂಬ ಆನ್‌ಲೈನ್ ಕಾರ್ಡ್ ಆಟದ ಆಟಗಾರ ಬ್ಲಿಟ್ಜ್‌ಚಂಗ್ ಪಂದ್ಯದ ನಂತರದ ಸಂದರ್ಶನದಲ್ಲಿ ಹಾಂಗ್‌ಕಾಂಗ್ ಪ್ರಜಾಪ್ರಭುತ್ವಪರ ಚಳವಳಿಯನ್ನು ಬೆಂಬಲಿಸಿದಾಗ, ಆ ಆಟವನ್ನು ತಯಾರಿಸಿದ ಬ್ಲಿಜಾರ್ಡ್ ಕಂಪನಿ ಅವರನ್ನು ಒಂದು ವರ್ಷ ನಿಷೇಧಿಸಿ ಬಹುಮಾನದ ಹಣವನ್ನೂ ತಡೆಹಿಡಿಯಿತು. ಅಭಿಮಾನಿಗಳು ತೀವ್ರವಾಗಿ ಪ್ರತಿಭಟಿಸಿದ ಮೇಲೆ ಹಣ ಮರಳಿತು, ನಿಷೇಧ ಆರು ತಿಂಗಳಿಗೆ ಇಳಿಯಿತು. ಶಿಕ್ಷೆ ವಿಧಿಸಿದವರೇ ಅದನ್ನು ಮರುಪರಿಶೀಲಿಸಿದರೆಂಬುದು ನನ್ನ ಮುಖ್ಯ ಆಕ್ಷೇಪ.

ಮೂಲಸಂಕೇತವನ್ನು (ಸೋರ್ಸ್ ಕೋಡ್) ಯಾರು ಬೇಕಾದರೂ ನೋಡಿ, ಬದಲಿಸಿ ಬಳಸಬಹುದಾದ ಮುಕ್ತ ತಂತ್ರಾಂಶ ಇಲ್ಲಿ ಭಾಗಶಃ ನೆರವಾಗುತ್ತದೆ. ದೇಣಿಗೆಯಿಂದ, ಜಾಹೀರಾತಿಲ್ಲದೆ ನಡೆಯುವ ಚೆಸ್ ತಾಣ ಲಿಚೆಸ್‌ನ ಮೂಲಸಂಕೇತ ಎಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಯಡಿ ಎಲ್ಲರಿಗೂ ತೆರೆದಿರುವುದರಿಂದ, ಆಡಳಿತ ದಾರಿ ತಪ್ಪಿದರೆ ಆಟಗಾರರು ಅದೇ ಸಂಕೇತದಿಂದ ಬೇರೊಂದು ತಾಣ ಕಟ್ಟಿಕೊಳ್ಳಬಹುದು. ಶೂಟಿಂಗ್ ಆಟಗಳಲ್ಲಿ ಮೋಸ ತಡೆಯುವ ಭಾಗವನ್ನು ತೆರೆದಿಟ್ಟರೆ ಮೋಸಗಾರರಿಗೆ ತಪ್ಪಿಸಿಕೊಳ್ಳುವ ದಾರಿ ಸಿಗುವುದರಿಂದ ಅದು ಕಷ್ಟವೆಂದು ಒಪ್ಪುತ್ತೇನೆ. ಆದರೆ ಶಿಕ್ಷೆಯ ಕಾರಣಗಳನ್ನು ಪ್ರಕಟಿಸದಿರಲು ಕಂಪನಿಗಳು ಅದನ್ನೇ ನೆಪ ಮಾಡಿಕೊಳ್ಳುವುದನ್ನು ಒಪ್ಪಲಾರೆ.